ಮೊದಲು ದನಿ, ಆಮೇಲೆ ಚಿತ್ರ, ಕೊನೆಗೆ ಚಲನೆ: ಎಐ ಸಾಧನಗಳಿಂದ 90 ಸೆಕೆಂಡಿನ ಆನಿಮೇಷನ್ ಚಿತ್ರ ಮಾಡುವ ಕ್ರಮ

ಕಾರವಾರ, ಕುಮಟಾ, ಶಿರಸಿ ಕಡೆಯ ಹುಡುಗ ಹುಡುಗಿಯರು ನನಗೆ ತಂದು ತೋರಿಸಿದ ಆನಿಮೇಷನ್ ಪ್ರಯತ್ನಗಳೆಲ್ಲ ಒಂದೇ ಜಾಗದಲ್ಲಿ ನಿಂತುಹೋಗಿವೆ. ಮೊಬೈಲಿನಲ್ಲಿ ನಲವತ್ತು ಚೆಂದದ ತುಣುಕುಗಳಿರುತ್ತವೆ. ಅಲೆ, ದೋಣಿ, ಅಡಿಕೆ ತೋಟ, ಮಳೆ ಎಲ್ಲವೂ ಇರುತ್ತದೆ. ಒಂದನ್ನು ಇನ್ನೊಂದರ ಪಕ್ಕ ಇಟ್ಟರೆ ಅಜ್ಜಿಯ ಮುಖ ಬೇರೆ, ಸೀರೆಯ ಬಣ್ಣ ಬೇರೆ, ಕತೆಯನ್ನಂತೂ ಹುಡುಕಬೇಕು. ಅಷ್ಟರಲ್ಲಿ ಎಐ ಸಾಧನದ ತಿಂಗಳ ಕ್ರೆಡಿಟ್, ಅಂದರೆ ಬಳಕೆಯ ಪಾಲು, ಮುಗಿದಿರುತ್ತದೆ.

ಇವರೆಲ್ಲರೂ ವಿಡಿಯೊ ತಯಾರಿಸುವ ಕಿಟಕಿಯನ್ನೇ ಮೊದಲು ತೆರೆದಿದ್ದರು. ಅದು ಕೊನೆಗೆ ತೆರೆಯಬೇಕಾದ ಕಿಟಕಿ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ, ಹಿಂದುಮುಂದು ಮಾಡಬೇಡಿ.

ಉದಾಹರಣೆಗೆ ಒಂದು ಪುಟ್ಟ ಕತೆಯನ್ನು ಇಟ್ಟುಕೊಳ್ಳೋಣ. ಕುಮಟಾ ಬಳಿಯ ಅಘನಾಶಿನಿ ಅಳಿವೆಯಲ್ಲಿ ನೀರು ಇಳಿದ ಹೊತ್ತು. ಅಜ್ಜಿ ಮತ್ತು ಮೊಮ್ಮಗಳು ಬಳಚು (ತಿನ್ನುವ ಚಿಪ್ಪು) ಹೆಕ್ಕಲು ಕೆಸರಿಗೆ ಇಳಿಯುತ್ತಾರೆ. ಮೊಮ್ಮಗಳು ಆಡುತ್ತ ದೂರದ ಮರಳು ದಿಬ್ಬಕ್ಕೆ ಹೋಗುತ್ತಾಳೆ. ನೀರು ಏರತೊಡಗುತ್ತದೆ. ಅಜ್ಜಿ ಕೂಗುತ್ತಾಳೆ. ಅಷ್ಟೇ ಕತೆ. 90 ಸೆಕೆಂಡಿಗೆ ಇದಕ್ಕಿಂತ ಹೆಚ್ಚು ಹಿಡಿಸುವುದಿಲ್ಲ.

## ಮೊದಲು ಕೈಯಲ್ಲಿರಬೇಕಾದದ್ದು

ಧ್ವನಿಮುದ್ರಣಕ್ಕೆ ಮೊಬೈಲು, ಧ್ವನಿ ಶುದ್ಧಮಾಡಲು ಉಚಿತವಾಗಿ ಸಿಗುವ ಆಡಾಸಿಟಿ. ಚಿತ್ರ ತಿದ್ದಲು ಕ್ರಿಟಾ, ಅದೂ ಉಚಿತ. ಜೋಡಣೆಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ 8 ಜಿಬಿ ರ್‍ಯಾಮ್ ಮಾತ್ರ ಇದ್ದರೆ ಅದು ತಿಣುಕುತ್ತದೆ, ಆಗ ಶಾಟ್‌ಕಟ್ ಅಥವಾ ಕೆಡೆನ್‌ಲೈವ್ ಸಾಕು. ಸ್ತಬ್ಧಚಿತ್ರಕ್ಕೆ ಜೆಮಿನಿ, ಮಿಡ್‌ಜರ್ನಿ ಇವುಗಳಲ್ಲಿ ಯಾವುದಾದರೂ ಒಂದು. ಚಲನೆಗೆ ವಿಯೋ, ಕ್ಲಿಂಗ್, ರನ್‌ವೇ ಇವುಗಳಲ್ಲಿ ಒಂದು. ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಇದ್ದವರು ಕಾಮ್ಫಿಯುಐ ಎಂಬ ತಂತ್ರಾಂಶ ಹಾಕಿಕೊಂಡು ವಾನ್ ಎಂಬ ಮುಕ್ತ ಮಾದರಿಯನ್ನು ಮನೆಯಲ್ಲೇ ಓಡಿಸಬಹುದು. ಅದರ ಚಿಕ್ಕ ಮಾದರಿಗೆ ಸುಮಾರು 8 ಜಿಬಿ ಗ್ರಾಫಿಕ್ಸ್ ಮೆಮೊರಿ ಬೇಕು.

ಒಂದೊಂದು ಕೆಲಸಕ್ಕೆ ಒಂದೇ ಸಾಧನ ಆರಿಸಿ. ಶಾಟಿಗೊಂದು ಸಾಧನ ಬದಲಿಸಿದವರ ಚಿತ್ರ ಬಿಡಿಬಿಡಿಯಾಗಿಯೇ ಉಳಿದದ್ದನ್ನು ಕಂಡಿದ್ದೇನೆ. ಚಲನೆಯ ಸಾಧನಕ್ಕೆ ಇನ್ನೂ ಹಣ ಕಟ್ಟಬೇಡಿ. ಅದು ಬೇಕಾಗುವುದು ಏಳನೆಯ ಹಂತದಲ್ಲಿ.

## ಹಂತ 1: ಕತೆಯನ್ನು ಶಾಟ್‌ಗಳಾಗಿ ಒಡೆಯಿರಿ

ಒಂದು ಹಾಳೆಯಲ್ಲಿ 1ರಿಂದ 22ರವರೆಗೆ ಅಂಕಿ ಬರೆದು, ಪ್ರತಿ ಅಂಕಿಯ ಮುಂದೆ ಕಣ್ಣಿಗೆ ಕಾಣುವ ಒಂದು ಸಂಗತಿಯನ್ನು ಮಾತ್ರ ಬರೆಯಿರಿ. ‘ಅಜ್ಜಿಗೆ ಆತಂಕವಾಗುತ್ತದೆ’ ಎಂದು ಬರೆದರೆ ಅದು ಶಾಟ್ ಅಲ್ಲ. ‘ಅಜ್ಜಿಯ ಕೈ ಕೆಸರಿನಲ್ಲಿ ನಿಂತುಬಿಡುತ್ತದೆ, ಬುಟ್ಟಿಯ ಬುಡಕ್ಕೆ ನೀರು ತಾಗುತ್ತದೆ’ ಎಂದರೆ ಶಾಟ್.

ಇನ್ನೊಂದು ಗುರುತನ್ನೂ ಈಗಲೇ ಹಾಕಿ: ಕಡಲು ಪರದೆಯ ಯಾವ ಬದಿಗೆ? ನಮ್ಮ ಕರಾವಳಿಯಲ್ಲಿ ಕಡಲು ಪಡುವಣಕ್ಕೆ. ಎಡಕ್ಕೆ ಎಂದು ನಿರ್ಧರಿಸಿದರೆ 22 ಶಾಟ್‌ಗಳಲ್ಲೂ ಎಡಕ್ಕೇ ಇರಲಿ. ಇಳಿತದ ನೀರು ಎಡಕ್ಕೆ ಹರಿಯುತ್ತದೆ, ಉಬ್ಬರದ ನೀರು ಬಲಕ್ಕೆ ನುಗ್ಗುತ್ತದೆ, ಸಂಜೆಯ ಬೆಳಕು ಎಡದಿಂದ ಬೀಳುತ್ತದೆ. ಇದನ್ನು ಬರೆದಿಡದಿದ್ದರೆ ಯಂತ್ರ ನೀರನ್ನು ತನಗೆ ಬೇಕಾದ ಕಡೆಗೆ ಹರಿಸುತ್ತದೆ. ನೋಡುವವನಿಗೆ ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯದೆ ಕತೆ ಅಲ್ಲೇ ಸಾಯುತ್ತದೆ.

## ಹಂತ 2: ದನಿಯನ್ನು ಮುದ್ರಿಸಿ

ಚಿತ್ರ ಒಂದೂ ಇಲ್ಲದೆ ದನಿಯೇ? ಹೌದು. ಪ್ರತಿ ಶಾಟಿನ ಉದ್ದವನ್ನು ನಿರ್ಧರಿಸುವುದು ದನಿ. ಶಾಟಿನ ಉದ್ದ ಗೊತ್ತಾದರೆ ಎಷ್ಟು ಸೆಕೆಂಡು ಚಲನೆ ಬೇಕೆಂದು ಗೊತ್ತಾಗುತ್ತದೆ. ಅದರಿಂದ ಖರ್ಚು ಗೊತ್ತಾಗುತ್ತದೆ.

ಕೃತಕ ದನಿ ಬಳಸಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಬೇಡ ಎನ್ನುತ್ತೇನೆ. ನಾನು ಪರೀಕ್ಷಿಸಿದ ಕನ್ನಡ ದನಿಗಳಲ್ಲಿ ವಾರ್ತೆ ಓದುವವರ ಕನ್ನಡವಿದೆ, ಅಳಿವೆಯ ಕನ್ನಡವಿಲ್ಲ. ‘ಬಳಚು’ ಎಂದು ಬರೆದುಕೊಟ್ಟರೆ ‘ಬಲಚು’ ಎಂದು ಓದಿದ್ದನ್ನು ಕೇಳಿದ್ದೇನೆ. ಹಾಲಕ್ಕಿಯವರ ಮಾತಿನ ಏರಿಳಿತವಾಗಲಿ, ಹವ್ಯಕರ ಮಾತಿನ ಎಳೆತವಾಗಲಿ ಅವುಗಳಿಗೆ ಬರುವುದಿಲ್ಲ. ನಿಮ್ಮ ಊರಿನ ಒಬ್ಬ ಅಜ್ಜಿಯನ್ನು ಕೂರಿಸಿಕೊಂಡು ಇಡೀ ಕತೆ ಹೇಳಿಸಿ, ಕಾಗದ ಕೊಡಬೇಡಿ. ಮೊದಲ ಸಲ ಅವರು ಬಿಗಿದುಕೊಂಡಿರುತ್ತಾರೆ, ಮೂರನೆಯ ಸಲಕ್ಕೆ ಮಾತು ಸಲೀಸಾಗುತ್ತದೆ. ಆ ಮೂರನೆಯದನ್ನು ಇಟ್ಟುಕೊಳ್ಳಿ. ಧ್ವನಿಯನ್ನು ಎಲ್ಲಿ ಬಳಸುತ್ತೀರಿ ಎಂದು ತಿಳಿಸಿ ಲಿಖಿತ ಒಪ್ಪಿಗೆ ಪಡೆಯಿರಿ. ಆ ದನಿಯನ್ನು ಎಐಗೆ ಕೊಟ್ಟು ಅವರು ಆಡದ ಮಾತನ್ನು ಆಡಿಸುವ ಕೆಲಸಕ್ಕೆ ಹೋಗಲೇಬೇಡಿ.

ಮುದ್ರಿಸುವಾಗ ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಬಾಯಿಯಿಂದ ಒಂದು ಗೇಣು ದೂರವಿಡಿ. ಕಂಬಳಿ, ಹಾಸಿಗೆ ತುಂಬಿದ ಕೋಣೆ ಒಳ್ಳೆಯದು. ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಪ್ರಯತ್ನಿಸಬೇಡಿ, ಆ ಸದ್ದನ್ನು ಆಮೇಲೆ ತೆಗೆಯಲು ಹೋದರೆ ದನಿಯೂ ಸವೆಯುತ್ತದೆ.

90 ಸೆಕೆಂಡಿಗೆ 100 ಪದ ಮೀರದಿರಲಿ. ನಮ್ಮ ಉದಾಹರಣೆಗೆ 60 ಪದ ಸಾಕು. ಉಳಿದ ಜಾಗ ನೀರಿನ ಸದ್ದಿಗೆ ಬೇಕು.

## ಹಂತ 3: ಪೆನ್ಸಿಲ್ ಚಿತ್ರಗಳಿಂದ ಇಡೀ ಚಿತ್ರವನ್ನು ಒಮ್ಮೆ ಮುಗಿಸಿ

ಚಿತ್ರ ಬರೆಯಲು ಬಾರದಿದ್ದರೂ ಪರವಾಗಿಲ್ಲ. ಕಡ್ಡಿ ಕಾಲು, ಉರುಟು ತಲೆ ಸಾಕು. ಪ್ರತಿ ಶಾಟಿಗೆ ಒಂದು ಗೀಟಿನ ಚಿತ್ರ ಬರೆದು, ಮೊಬೈಲಿನಲ್ಲಿ ಫೋಟೊ ತೆಗೆದು, ಜೋಡಣೆಯ ತಂತ್ರಾಂಶದಲ್ಲಿ ದನಿಯ ಮೇಲೆ ಸಾಲಾಗಿ ಇಡಿ. ಇದಕ್ಕೆ ಅನಿಮ್ಯಾಟಿಕ್ ಎನ್ನುತ್ತಾರೆ. ಸೆಕೆಂಡಿಗೆ 24 ಫ್ರೇಮ್, 1920ಕ್ಕೆ 1080 ಅಳತೆ ಎಂದು ಈಗಲೇ ನಿಗದಿ ಮಾಡಿ.

ಈಗ ನೋಡಿ. ಬೇಸರ ಬಂದ ಜಾಗವನ್ನು ಕತ್ತರಿಸಿ. ಅರ್ಥವಾಗದ ಜಾಗಕ್ಕೆ ಒಂದು ಶಾಟ್ ಸೇರಿಸಿ. ಇಲ್ಲಿ ಒಂದು ಶಾಟ್ ಕಿತ್ತುಹಾಕಿದರೆ ಹೋಗುವುದು ಒಂದು ಹಾಳೆ. ಏಳನೆಯ ಹಂತದಲ್ಲಿ ಕಿತ್ತುಹಾಕಿದರೆ ಹೋಗುವುದು ಒಂದು ರಾತ್ರಿ ಮತ್ತು ಹಣ.

ಹಾಗೆಯೇ ಯಾವ ಶಾಟಿಗೆ ನಿಜಕ್ಕೂ ಚಲನೆ ಬೇಕು ಎಂದು ಗುರುತಿಸಿ. ನಮ್ಮ 22ರಲ್ಲಿ 8 ಶಾಟ್‌ಗಳು ಸ್ತಬ್ಧವಾಗಿದ್ದರೂ ನಡೆಯುತ್ತದೆ: ಕೆಸರಿನಲ್ಲಿ ಬಿಟ್ಟುಹೋದ ಪುಟ್ಟ ಚಪ್ಪಲಿ, ತುಂಬಿದ ಬುಟ್ಟಿ, ದೂರದ ದಿಬ್ಬ. ಇವುಗಳ ಮೇಲೆ ಕ್ಯಾಮೆರಾ ಮೆಲ್ಲಗೆ ಸರಿದರೆ ಸಾಕು, ಅದನ್ನು ಜೋಡಣೆಯಲ್ಲೇ ಮಾಡಬಹುದು. ಉಳಿದದ್ದು 14. ಪ್ರತಿಯೊಂದಕ್ಕೂ ಸರಾಸರಿ ನಾಲ್ಕು ಪ್ರಯತ್ನ, ಪ್ರತಿ ಪ್ರಯತ್ನ 5 ಸೆಕೆಂಡು ಎಂದುಕೊಳ್ಳಿ: ಒಟ್ಟು 280 ಸೆಕೆಂಡು. ನಿಮ್ಮ ಸಾಧನದ ದರಪಟ್ಟಿಯ ಎದುರು ಈ ಅಂಕಿಯನ್ನು ಇಟ್ಟು ನೋಡಿ. ಹಣ ಸಾಲದಿದ್ದರೆ ಚಲಿಸುವ ಶಾಟ್‌ಗಳನ್ನು ಇನ್ನೂ ಕಡಿಮೆ ಮಾಡಿ.

## ಹಂತ 4: ಜಾಗಕ್ಕೆ ಹೋಗಿ ಫೋಟೊ, ಸದ್ದು ತನ್ನಿ

ಬಿಟ್ಟುಬಿಡೋಣ ಎಂದು ಎಲ್ಲರಿಗೂ ಅನ್ನಿಸುವ ಹಂತ ಇದು. ಬಿಡಬೇಡಿ. ಈ ಯಂತ್ರಗಳಿಗೆ ನಮ್ಮ ಕರಾವಳಿ ಗೊತ್ತಿಲ್ಲ. ಅಡಿಕೆ ತೋಟ ಕೇಳಿದರೆ ತೆಂಗಿನ ಮರ ಕೊಡುತ್ತವೆ. ಬಡಗುತಿಟ್ಟಿನ ಯಕ್ಷಗಾನ ವೇಷ ಕೇಳಿದರೆ ಕಥಕಳಿಯ ಹಸಿರು ಮುಖ ಬರುತ್ತದೆ. ರಂಪಣಿ ಬಲೆ ಎಂದರೆ ಒಬ್ಬನೇ ನಿಂತು ಬೀಸುವ ಬಲೆ ಬರುತ್ತದೆ. ದಡದಲ್ಲಿ ಎರಡು ಸಾಲಾಗಿ ನಿಂತು ಹತ್ತಾರು ಜನ ಎಳೆಯುವ ದೃಶ್ಯ ಅವು ಕಂಡಿಲ್ಲ. ಕಾರವಾರದ ಕಡಲಿನಿಂದ ಸೂರ್ಯ ಹುಟ್ಟುತ್ತಿರುವ ಚಿತ್ರವನ್ನೂ ನೋಡಿದ್ದೇನೆ.

ಇಳಿತದ ಹೊತ್ತಿಗೆ ಅಘನಾಶಿನಿಗೆ ಹೋಗಿ. ಇಳಿತ ದಿನಕ್ಕೆ ಎರಡು ಸಲ ಬರುತ್ತದೆ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಅಲ್ಲಿಯ ದೋಣಿಯವರನ್ನು ಕೇಳಿಕೊಂಡೇ ಹೊರಡಿ. ಕೆಸರಿನ ಬಣ್ಣ, ಬುಟ್ಟಿಯ ಹೆಣಿಗೆ, ಬಳಚು ಹಿಡಿದ ಕೈ, ಸೀರೆ ಎತ್ತಿ ಕಟ್ಟಿದ ರೀತಿ, ದಡದ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರು, ಎಲ್ಲವನ್ನೂ ಹತ್ತಿರದಿಂದ ತೆಗೆಯಿರಿ. ಜನರನ್ನು ತೆಗೆಯುವ ಮುನ್ನ ಕೇಳಿ.

ಸದ್ದನ್ನೂ ಅಂದೇ ಹಿಡಿಯಿರಿ. ಕೆಸರಿನಲ್ಲಿ ಹೂತ ಕಾಲನ್ನು ಮೇಲೆತ್ತುವಾಗ ಮೊದಲು ಒಂದು ಎಳೆತ, ಆಮೇಲೆ ‘ಪ್ಲಕ್’ ಎಂಬ ಸಣ್ಣ ಸದ್ದು, ಅದರ ಹಿಂದೆಯೇ ಕಾಲಿನ ಗುಂಡಿಗೆ ನೀರು ಇಳಿಯುವ ಸದ್ದು. ಮೂರೂ ಬೇರೆ ಬೇರೆ. ಬುಟ್ಟಿಗೆ ಬಿದ್ದ ಮೊದಲ ಬಳಚು ಬಿದಿರಿಗೆ ತಾಗಿ ಟಕ್ಕೆನ್ನುತ್ತದೆ, ಅರ್ಧ ತುಂಬಿದ ಮೇಲೆ ಚಿಪ್ಪಿಗೆ ಚಿಪ್ಪು ತಾಗಿ ಕಿಣಿಕಿಣಿ ಎನ್ನುತ್ತದೆ. ನೋಡುವವರು ನಿಮ್ಮ ಚಿತ್ರವನ್ನು ನಂಬುವುದು ಇಂಥ ಸದ್ದಿನಿಂದ. ಗಾಳಿಗೆ ಬೆನ್ನು ಕೊಟ್ಟು ನಿಂತು, ಮೈಕಿನ ಮೇಲೆ ದಪ್ಪ ಕಾಲುಚೀಲ ಹಾಕಿ ಮುದ್ರಿಸಿ.

## ಹಂತ 5: ಶೈಲಿ ಮತ್ತು ಪಾತ್ರದ ಹಾಳೆ

ಹೊಸಬರು ಫೋಟೊದಂತೆ ಕಾಣುವ ಶೈಲಿ ಆರಿಸಿ ಸೋಲುತ್ತಾರೆ. ಅಲ್ಲಿ ಪ್ರತಿ ತಪ್ಪೂ ಎದ್ದು ಕಾಣುತ್ತದೆ. ಕಡಿಮೆ ಬಣ್ಣ, ದಪ್ಪ ಗೆರೆ, ಚಪ್ಪಟೆ ಆಕಾರದ ಶೈಲಿ ಆರಿಸಿ. ಶಿರಸಿ ಮಾರಿಕಾಂಬಾ ದೇವಾಲಯದ ಗೋಡೆಗಳಲ್ಲಿ ಕಾವಿ ಕಲೆಯನ್ನು ನೋಡಿರುತ್ತೀರಿ: ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ, ಅದನ್ನು ಕೆರೆದಾಗ ಕೆಳಗಿನ ಬಿಳಿ ಕಾಣುತ್ತದೆ. ಎರಡೇ ಬಣ್ಣ. ಈ ದಾರಿ ಹಿಡಿದರೆ ಶಾಟಿನಿಂದ ಶಾಟಿಗೆ ಬಣ್ಣ ಜಾರುವ ತೊಂದರೆ ಬಹುಮಟ್ಟಿಗೆ ಹೋಗುತ್ತದೆ, ಹೇಗೆಂದರೆ ಎಲ್ಲ ಚಿತ್ರಗಳನ್ನೂ ಕೊನೆಗೆ ಕ್ರಿಟಾದಲ್ಲಿ ಅದೇ ಕೆಂಪು, ಅದೇ ಬಿಳಿಗೆ ಇಳಿಸಬಹುದು.

ಆದರೆ ‘ಕಾವಿ’ ಎಂದು ಬರೆದರೆ ಯಂತ್ರ ಮಹಾರಾಷ್ಟ್ರದ ವಾರ್ಲಿ ಚಿತ್ರವನ್ನೋ ಕೇರಳದ ಭಿತ್ತಿಚಿತ್ರವನ್ನೋ ಕೊಡುತ್ತದೆ. ಇಲ್ಲಿ ನೆನಪಿಡಬೇಕಾದ ಒಂದು ಕ್ರಮವಿದೆ: ಹೆಸರು ಹೇಳಬೇಡಿ, ಆಕಾರ ಹೇಳಿ. ‘ಸುಣ್ಣದ ಗೋಡೆ, ಮೇಲೆ ಇಟ್ಟಿಗೆ ಕೆಂಪು ಪದರ, ಕೆರೆದು ತೆಗೆದ ಬಿಳಿ ಗೆರೆಗಳು, ಎರಡೇ ಬಣ್ಣ, ನೆರಳು ಇಲ್ಲ’ ಎಂದು ಬರೆಯಿರಿ. ‘ಬಳಚು’ ಎನ್ನುವ ಬದಲು ‘ಹೆಬ್ಬೆರಳ ತುದಿಯಷ್ಟು ದೊಡ್ಡ, ಉಂಗುರ ಗೆರೆಗಳ ಜೋಡಿ ಚಿಪ್ಪು’ ಎನ್ನಿ. ಮೊದಲು ಕನ್ನಡದಲ್ಲಿ ಬರೆದುಕೊಂಡು, ಆಮೇಲೆ ಇಂಗ್ಲಿಷಿಗೆ ತಿರುಗಿಸಿ ಕೊಟ್ಟರೆ ಫಲಿತಾಂಶ ಹೆಚ್ಚು ಸ್ಥಿರವಾಗಿರುತ್ತದೆ. ಈಗ ಬದುಕಿರುವ ಕಲಾವಿದರ ಹೆಸರು ಹಾಕಿ ಅವರ ಶೈಲಿ ಕೇಳುವುದು ಬೇಡ.

ಮುಂದೆ ಪಾತ್ರದ ಹಾಳೆ. ಒಂದೇ ಚಿತ್ರದಲ್ಲಿ ಅಜ್ಜಿ ಮುಂದಿನಿಂದ, ಬದಿಯಿಂದ, ಹಿಂದಿನಿಂದ, ಬಾಗಿದ ಭಂಗಿಯಲ್ಲಿ. ಪ್ರಾಂಪ್ಟ್, ಅಂದರೆ ಯಂತ್ರಕ್ಕೆ ಬರೆದುಕೊಡುವ ಸೂಚನೆ, ಹೀಗಿರಲಿ:

‘ಅರವತ್ತೈದು ದಾಟಿದ ತೆಳು ಮೈಯ ಹೆಂಗಸು. ಕುತ್ತಿಗೆಯ ಹಿಂದೆ ಗಂಟು ಹಾಕಿದ ಬಿಳಿ ಕೂದಲು. ಸೆರಗು ಎಡ ಹೆಗಲ ಮೇಲೆ. ಸೀರೆ ಮೊಣಕಾಲಿನವರೆಗೆ ಎತ್ತಿ ಕಟ್ಟಿದೆ. ಬಲ ಸೊಂಟದಲ್ಲಿ ಬಿದಿರು ಬುಟ್ಟಿ. ಬರಿಗಾಲು. ನಾಲ್ಕು ಭಂಗಿ, ಒಂದೇ ಅಳತೆ, ಖಾಲಿ ಬಿಳಿ ಹಿನ್ನೆಲೆ.’

ಎಡ, ಬಲ ಎಂದು ಬರೆದದ್ದನ್ನು ಗಮನಿಸಿ. ಸೆರಗು ಹೆಗಲು ಬದಲಿಸುವುದು, ಬುಟ್ಟಿ ಸೊಂಟ ಬದಲಿಸುವುದು ನಾನು ಅತಿ ಹೆಚ್ಚು ಸಲ ಕಂಡ ತಪ್ಪುಗಳು. ಹಾಳೆ ಒಪ್ಪಿಗೆಯಾಗುವವರೆಗೆ ಮುಂದೆ ಹೋಗಬೇಡಿ, ಎರಡು ದಿನ ಹಿಡಿದರೂ ಸರಿ. ಮೊಮ್ಮಗಳಿಗೂ ಹೀಗೆಯೇ.

ಒಂದು ಮಾತನ್ನು ಕಟುವಾಗಿ ಹೇಳಬೇಕಾಗಿದೆ. ಹಾಲಕ್ಕಿ ಹೆಂಗಸರ ಮಣಿಸರ, ಉಡುಗೆಯನ್ನು ‘ಬುಡಕಟ್ಟು’ ಎಂಬ ಒಂದೇ ಪದ ಕೊಟ್ಟು ಬರೆಸಿದ ಚಿತ್ರಗಳು ನನ್ನ ಬಳಿ ಬಂದಿವೆ. ಯಾವುದೋ ದೇಶದ ಆಭರಣ, ಯಾವುದೋ ಗರಿ. ಅಂಕೋಲಾಕ್ಕೆ ಬಸ್ಸಿನಲ್ಲಿ ಹೋಗಿ ಅವರನ್ನೇ ಕೇಳಬಹುದಾಗಿದ್ದಾಗ ಹೀಗೆ ಮಾಡುವುದು ಅವಮಾನ. ಕೇಳಲು ಆಗದಿದ್ದರೆ ಆ ಪಾತ್ರವನ್ನೇ ಬಿಟ್ಟುಬಿಡಿ.

## ಹಂತ 6: ಇಪ್ಪತ್ತೆರಡು ಸ್ತಬ್ಧಚಿತ್ರಗಳು

ಪ್ರತಿ ಶಾಟಿಗೂ ಪಾತ್ರದ ಹಾಳೆ, ಜಾಗದ ಒಂದು ಫೋಟೊ, ನಿಮ್ಮ ಗೀಟಿನ ಚಿತ್ರ ಮೂರನ್ನೂ ಆಧಾರವಾಗಿ ಕೊಟ್ಟು ಚಿತ್ರ ಬರೆಸಿ. ಶೈಲಿಯ ಸಾಲು ಪ್ರತಿ ಸಲ ಅಕ್ಷರಶಃ ಒಂದೇ ಇರಲಿ, ನಕಲು ಮಾಡಿ ಅಂಟಿಸಿ.

ಚಿಕ್ಕ ತಪ್ಪಿಗೆ ಇಡೀ ಚಿತ್ರವನ್ನು ಮತ್ತೆ ಬರೆಸಬೇಡಿ. ಆರನೆಯ ಬೆರಳನ್ನು ಕ್ರಿಟಾದಲ್ಲಿ ಅಳಿಸಿ. ಅಂಗಡಿಯ ಬೋರ್ಡು, ದೋಣಿಯ ಹೆಸರು ಇದ್ದರೆ ಖಾಲಿ ಹಲಗೆ ಕೇಳಿ, ಕನ್ನಡ ಅಕ್ಷರವನ್ನು ನೀವೇ ಹಾಕಿ. ಯಂತ್ರ ಬರೆದ ಕನ್ನಡದಲ್ಲಿ ಒತ್ತಕ್ಷರ ಎಷ್ಟೋ ಸಲ ಎಲ್ಲೆಲ್ಲೋ ಬಿದ್ದಿರುತ್ತದೆ.

ಮುಗಿದ ಚಿತ್ರಗಳನ್ನು ಅನಿಮ್ಯಾಟಿಕ್‌ನಲ್ಲಿ ಗೀಟಿನ ಚಿತ್ರದ ಜಾಗಕ್ಕೆ ಹಾಕುತ್ತಾ ಬನ್ನಿ. ಇಪ್ಪತ್ತೆರಡೂ ಕುಳಿತ ಮೇಲೆ ಒಮ್ಮೆ ಪೂರ್ತಿ ನೋಡಿ. ಚಲನೆ ಇಲ್ಲದೆಯೇ ಕತೆ ತಿಳಿಯಬೇಕು. ತಿಳಿಯದಿದ್ದರೆ ಮೂರನೆಯ ಹಂತಕ್ಕೆ ಹಿಂದಿರುಗಿ.

## ಹಂತ 7: ಈಗ ಚಲನೆ

ಪಠ್ಯದಿಂದ ನೇರವಾಗಿ ವಿಡಿಯೊ ಮಾಡಿಸಬೇಡಿ. ನಿಮ್ಮ ಸ್ತಬ್ಧಚಿತ್ರವನ್ನು ಮೊದಲ ಫ್ರೇಮ್ ಆಗಿ ಕೊಟ್ಟು ಚಲಿಸುವಂತೆ ಮಾಡಿಸಿ. ಕೊನೆಯ ಫ್ರೇಮನ್ನೂ ಕೊಡಲು ಅವಕಾಶವಿದ್ದರೆ ಕೊಡಿ. ನೀರು ಏರುವ ಶಾಟಿಗೆ ಇದು ತುಂಬ ಉಪಯುಕ್ತ. ಮೊದಲ ಚಿತ್ರದಲ್ಲಿ ನೀರು ಬುಟ್ಟಿಯ ಬುಡಕ್ಕೆ, ಕೊನೆಯದರಲ್ಲಿ ಅರ್ಧಕ್ಕೆ. ನಡುವಿನದನ್ನು ಯಂತ್ರ ತುಂಬುತ್ತದೆ, ದಿಕ್ಕು ತಪ್ಪಲು ಜಾಗ ಕಡಿಮೆ.

ಪ್ರಾಂಪ್ಟಿನಲ್ಲಿ ಚಿತ್ರವನ್ನು ಮತ್ತೆ ವರ್ಣಿಸಬೇಡಿ. ಏನು ಚಲಿಸಬೇಕು ಎಂಬುದನ್ನು ಮಾತ್ರ ಬರೆಯಿರಿ, ಒಂದು ಶಾಟಿಗೆ ಒಂದೇ ಚಲನೆ. ‘ಅಜ್ಜಿ ಬಾಗಿ, ಹೆಕ್ಕಿ, ಎದ್ದು, ತಿರುಗಿ ಕೂಗುತ್ತಾಳೆ’ ಎಂದರೆ ನಾಲ್ಕೂ ಕೆಡುತ್ತವೆ. ‘ಕ್ಯಾಮೆರಾ ಸ್ಥಿರ’ ಎಂದು ಸೇರಿಸಿ, ಇಲ್ಲದಿದ್ದರೆ ಹೆಚ್ಚಿನ ಸಾಧನಗಳು ತಾವಾಗಿಯೇ ಮೆಲ್ಲಗೆ ಒಳಗೆ ಸರಿಯುತ್ತವೆ. ಎಲ್ಲ ಶಾಟ್‌ಗಳೂ ಹೀಗೆ ಸರಿದರೆ ನೋಡುವವನಿಗೆ ಓಲಾಟವಾಗುತ್ತದೆ.

ತುಟಿ ಆಡಿಸುವ ಶಾಟ್ ಇಡಬೇಡಿ. ಕನ್ನಡ ಮಾತಿಗೆ ತುಟಿ ಹೊಂದಿಸುವುದು ಇನ್ನೂ ಸರಿಯಾಗಿಲ್ಲ. ಅಜ್ಜಿ ಕೂಗುವಾಗ ಅವಳ ಬೆನ್ನು ತೋರಿಸಿ, ಅಥವಾ ದೂರದಲ್ಲಿ ತಲೆಯೆತ್ತುವ ಮೊಮ್ಮಗಳನ್ನು ತೋರಿಸಿ.

ತುಣುಕು ಬಂದ ಮೇಲೆ ಈ ಸೂಚನೆಗಳನ್ನು ಹುಡುಕಿ: ಎರಡನೆಯ ಅರ್ಧದಲ್ಲಿ ಮುಖ ಕರಗುತ್ತಿದೆಯೇ, ಕಾಲು ಕೆಸರಿನ ಮೇಲೆ ಜಾರುತ್ತಿದೆಯೇ, ಬುಟ್ಟಿ ಕೈಗೆ ಅಂಟಿಕೊಂಡು ಒಂದೇ ಆಗುತ್ತಿದೆಯೇ, ನೀರು ಹಿಂದಕ್ಕೆ ಹರಿಯುತ್ತಿದೆಯೇ. 5 ಸೆಕೆಂಡಿನಲ್ಲಿ ಮೊದಲ 3 ಚೆನ್ನಾಗಿದ್ದರೆ ಆ ಮೂರನ್ನೇ ಬಳಸಿ. ನಾಲ್ಕು ಪ್ರಯತ್ನದಲ್ಲೂ ಬಾರದಿದ್ದರೆ ಐದನೆಯದು ಮಾಡಬೇಡಿ. ಆ ಚಲನೆ ಯಂತ್ರಕ್ಕೆ ಬರುವುದಿಲ್ಲ ಎಂದರ್ಥ, ಶಾಟನ್ನೇ ಬದಲಿಸಿ. ಇದನ್ನು ತಿಳಿಯದೆ ನಾನು ಒಂದೇ ಶಾಟಿಗೆ, ಅದೂ ಕೆಸರಿನಿಂದ ಬಳಚು ಎತ್ತುವ ಕೈಗೆ, ವಾರವಿಡೀ ಕಳೆದಿದ್ದೇನೆ. ಕೊನೆಗೆ ಕೈಯನ್ನು ಬಿಟ್ಟು ಬುಟ್ಟಿಗೆ ಚಿಪ್ಪು ಬೀಳುವುದನ್ನು ತೋರಿಸಿದೆ, ಎರಡನೆಯ ಪ್ರಯತ್ನದಲ್ಲೇ ಸರಿಯಾಯಿತು.

ತುಣುಕು ಸಿದ್ಧವಾದ ಕೂಡಲೇ ಇಳಿಸಿಕೊಂಡು, ಶಾಟಿನ ಅಂಕಿ, ಪ್ರಯತ್ನದ ಅಂಕಿ ಸೇರಿಸಿ ಹೆಸರಿಡಿ: ‘07–3’ ಎಂದರೆ ಏಳನೆಯ ಶಾಟಿನ ಮೂರನೆಯ ಪ್ರಯತ್ನ. ಮಳೆಗಾಲದಲ್ಲಿ ನಮ್ಮಲ್ಲಿ ವಿದ್ಯುತ್ತು, ನೆಟ್‌ವರ್ಕ್ ಯಾವಾಗ ಹೋಗುತ್ತದೆ ಎಂದು ಹೇಳಲಾಗದು. ಎರಡು ಕಡೆ ಪ್ರತಿ ಇಡಿ.

## ಹಂತ 8: ಜೋಡಣೆ

ಅನಿಮ್ಯಾಟಿಕ್ ಮೊದಲೇ ಇರುವುದರಿಂದ ಇಲ್ಲಿ ಕೆಲಸ ಕಡಿಮೆ. ತುಣುಕಿನ ಮೊದಲ ಕೆಲವು ಫ್ರೇಮ್‌ಗಳಲ್ಲಿ ಜರ್ಕು ಇದ್ದರೆ ಕತ್ತರಿಸಿ. ಎಲ್ಲ ತುಣುಕುಗಳ ಫ್ರೇಮ್ ವೇಗ ಒಂದೇ ಇದೆಯೇ ನೋಡಿ, ವಾನ್ 2.1 ಸೆಕೆಂಡಿಗೆ 16 ಫ್ರೇಮ್ ಕೊಡುತ್ತದೆ, ಅದನ್ನು 24ರ ಜೊತೆ ಹಾಗೆಯೇ ಬೆರೆಸಿದರೆ ಚಲನೆ ತಡವರಿಸುತ್ತದೆ.

ಶೀರ್ಷಿಕೆಯನ್ನು ಜೋಡಣೆಯ ತಂತ್ರಾಂಶದಲ್ಲಿ ಟೈಪ್ ಮಾಡಿದಾಗ ಒತ್ತಕ್ಷರ ಒಡೆದರೆ, ಕ್ರಿಟಾದಲ್ಲೋ ಇಂಕ್‌ಸ್ಕೇಪಿನಲ್ಲೋ ಬರೆದು ಪಿಎನ್‌ಜಿ ಚಿತ್ರವಾಗಿ ತಂದು ಇಡಿ.

ಸದ್ದಿನ ಕ್ರಮ: ಮೊದಲು ದನಿ, ಅದರ ಕೆಳಗೆ ಕೆಸರು ಮತ್ತು ಚಿಪ್ಪಿನ ಸದ್ದು, ಅದರ ಕೆಳಗೆ ನೀರು, ಗಾಳಿ. ಸಂಗೀತ ಕೊನೆಗೆ, ಬೇಕೆನಿಸಿದರೆ ಮಾತ್ರ. ಅಜ್ಜಿ ಕೂಗುವ ಮುನ್ನ ಎರಡು ಸೆಕೆಂಡು ನೀರಿನ ಸದ್ದೊಂದನ್ನೇ ಬಿಟ್ಟು ನೋಡಿ. ಯೂಟ್ಯೂಬಿಗಾದರೆ ಒಟ್ಟು ಧ್ವನಿಮಟ್ಟವನ್ನು ಮೈನಸ್ 14 ಎಲ್‌ಯುಎಫ್‌ಎಸ್ (ಸದ್ದಿನ ಗಟ್ಟಿತನದ ಅಳತೆ) ಹತ್ತಿರಕ್ಕೆ ತನ್ನಿ.

## ಹಂತ 9: ಬಲ್ಲವರಿಗೆ ತೋರಿಸಿ, ತಿದ್ದಿ, ಹೊರಬಿಡಿ

ಕೊನೆಯ ಹೆಸರುಪಟ್ಟಿಯಲ್ಲಿ ದನಿ ಕೊಟ್ಟ ಅಜ್ಜಿಯ ಹೆಸರು ಮೊದಲು ಬರಲಿ. ಯಾವ ಎಐ ಸಾಧನಗಳನ್ನು ಬಳಸಿದಿರಿ ಎಂಬುದನ್ನೂ ಬರೆಯಿರಿ. ನಿಜವೆಂದು ನಂಬುವಂತಿರುವ ಕೃತಕ ದೃಶ್ಯಗಳಿದ್ದರೆ ಅದನ್ನು ತಿಳಿಸಬೇಕೆಂದು ಯೂಟ್ಯೂಬ್ ಕೇಳುತ್ತದೆ. ಸ್ಪಷ್ಟವಾಗಿ ಆನಿಮೇಷನ್ ಎಂದು ಕಾಣುವುದಕ್ಕೆ ಆ ಕಡ್ಡಾಯವಿಲ್ಲ, ಆದರೂ ನಾನು ಗುರುತು ಹಾಕುತ್ತೇನೆ.

ಹೊರಬಿಡುವ ಮುನ್ನ ಬಳಚು ಹೆಕ್ಕುವವರೊಬ್ಬರಿಗೆ ಮೊಬೈಲಿನಲ್ಲಿ, ಅದರದೇ ಸ್ಪೀಕರಿನಲ್ಲಿ ತೋರಿಸಿ. ನೀವು ಪರದೆ ನೋಡಬೇಡಿ, ಅವರ ಮುಖ ನೋಡಿ. ನನ್ನ ಚಿತ್ರ ನೋಡಿದ ಒಬ್ಬ ಹೆಂಗಸು ಹದಿಮೂರನೆಯ ಶಾಟಿಗೆ ಹುಬ್ಬು ಗಂಟಿಕ್ಕಿದರು. ನೀರು ಏರುವಾಗ ಮೊದಲು ದಿಬ್ಬ ಮುಳುಗುವುದಿಲ್ಲ, ದಿಬ್ಬದ ಹಿಂದಿನ ತಗ್ಗು ತುಂಬುತ್ತದೆ, ಮಗು ಸಿಕ್ಕಿಬೀಳುವುದು ಅದರಿಂದಲೇ ಎಂದರು. ಎರಡು ಸ್ತಬ್ಧಚಿತ್ರ, ಒಂದು ಚಲನೆ ಹೊಸದಾಗಿ ಮಾಡಿದೆ. ಮೊಮ್ಮಗಳ ಹಿಂದೆ ಸದ್ದಿಲ್ಲದೆ ತುಂಬುತ್ತಿರುವ ಆ ತಗ್ಗು ಈಗ ಚಿತ್ರದ ನಡುವೆ ನಾಲ್ಕು ಸೆಕೆಂಡು ಇದೆ.